ಒಂದು ಗೇಣು ಸಂದು

ನಮ್ಮ ಅತ್ತೆಯ ಕೋಳಿಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸಾರಿಸಿದ ಜಗಲಿಯ ಮೇಲೆ ಹಿಕ್ಕೆ, ಒಣಗಲು ಹರವಿದ ರಾಗಿಯಲ್ಲಿ ಕಾಲು. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಎಂಟು ಗಂಟೆ ನಿಂತು ಬಂದವಳಿಗೆ ಮೊದಲು ಕಾಣುತ್ತಿದ್ದುದೇ ಆ ಗಲೀಜು.

ಸಾಯುವ ನಾಲ್ಕು ದಿನ ಮೊದಲು ಅತ್ತೆ ಮಂಕರಿಗೆ ಹುಲ್ಲು ಹಾಸಿ, ಹನ್ನೊಂದು ಮೊಟ್ಟೆ ಇಟ್ಟು ಕರಿಕೋಳಿಯನ್ನು ಕಾವಿಗೆ ಕೂರಿಸಿದರು. ಕೂತಲ್ಲೇ ಏದುಸಿರು ಬಿಡುತ್ತಿದ್ದವರಿಗೆ ಇದೆಲ್ಲ ಬೇಕಿತ್ತೇ ಎಂದು ನಾನು ರೇಗಿದೆ.

"ಮರಿ ಎದ್ಮೇಲೆ ಸೋನೆಗೆ ಬಿಡ್ಬ್ಯಾಡ ಕಣಮ್ಮಿ. ಗೂಡಿಗೆ ಗೋಣಿತಾಟು ಕಟ್ಟು. ಮೇಲೆ ಒಂದು ಗೇಣು ಸಂದು ಬಿಡು," ಅಂದರು.

"ಸಂದು ಬಿಟ್ರೆ ಚಳಿ ಬರಲ್ವಾ? ಮುಚ್ಚೋದು ಅಂದ್ರೆ ಪೂರ್ತಿ ಮುಚ್ಬೇಕು."

"ಅವೂ ಉಸುರಾಡ್ಬೇಕಲ್ವಾ? ಇಲ್ದಿದ್ರೆ ಅವುಗಳ ಉಸುರೇ ನೀರಾಗಿ ಮೈಮೇಲೆ ತೊಟ್ಟಿಕ್ತದೆ."

"ಎಲ್ಲಾನೂ ಕುಯ್ದು ಸಾರು ಮಾಡ್ಬಿಡ್ತೀನಿ, ನೋಡ್ತಿರಿ," ಅಂದೆ. ಅತ್ತೆ ನಕ್ಕರು. ಅವರೊಡನೆ ನಾನಾಡಿದ ಕೊನೆಯ ತಮಾಷೆ ಅದು. ನಿಜ ಹೇಳಬೇಕೆಂದರೆ ಅದು ಪೂರ್ತಿ ತಮಾಷೆಯೂ ಆಗಿರಲಿಲ್ಲ.

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ, ಇಪ್ಪತ್ತೊಂದು ದಿನದ ಲೆಕ್ಕಕ್ಕೆ ಸರಿಯಾಗಿ, ಹನ್ನೊಂದರಲ್ಲಿ ಒಂಬತ್ತು ಮರಿ ಎದ್ದವು. ಹೆಣದ ಮುಂದೆ ಕಣ್ಣೀರು ಬರದಿದ್ದ ನಾನು ಮಂಕರಿಯ ಮುಂದೆ ಕೂತು ಅತ್ತುಬಿಟ್ಟೆ. ಅವರು ಕೈಯಾರೆ ಇಟ್ಟ ಮೊಟ್ಟೆಗಳು. ಇವುಗಳಲ್ಲಿ ಒಂದೂ ಸಾಯಬಾರದು ಎಂದು ಹಟ ಹಿಡಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಕೋಳಿಗೂಡಿನಿಂದ ಶುರುವಾಯಿತು.

ಮರಿಗಳಿಗೆ ವಾರ ತುಂಬಿರಲಿಲ್ಲ, ಮಳೆ ಹಿಡಿಯಿತು. ಮದ್ರಾಸಿನ ಕಡೆ ಸೈಕ್ಲೋನ್ ಎದ್ದರೆ ನಮಗೆ ಮೂರು ದಿನ ಬಿಸಿಲಿಲ್ಲ. ನಮ್ಮ ಗೂಡು ಹಿತ್ತಲ ಗೋಡೆಗೆ ಒತ್ತಿ ಇಟ್ಟಿಗೆಯಲ್ಲಿ ಕಟ್ಟಿ, ಮೇಲೆ ಕಲ್ಲುಚಪ್ಪಡಿ ಹೊದಿಸಿದ್ದು. ಮುಂದೆ ಬರೀ ಜಾಲರಿ. ಅದಕ್ಕೆ ಕಟ್ಟಿದ್ದ ಗೋಣಿತಾಟು ನೆನೆದು ತೊಪ್ಪೆಯಾಗಿತ್ತು. ಆಗ ಅಟ್ಟದ ಮೇಲಿದ್ದ ಫ್ಲೆಕ್ಸ್ ನೆನಪಾಯಿತು. ಅತ್ತೆಯ ಫೋಟೊ ಹಾಕಿ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆಸಿ, ನನ್ನ ಗಂಡನ ಸ್ನೇಹಿತರು ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿದ್ದು. ಎಸೆಯಲು ಮನಸ್ಸಾಗದೆ ಮಡಚಿಟ್ಟಿದ್ದೆವು.

ಸಂಜೆ ದೊಡ್ಡ ಕೋಳಿಗಳನ್ನೂ ಮರಿಗಳನ್ನೂ ಒಟ್ಟಿಗೆ ಒಳಗೆ ಹಾಕಿದೆ. ಅತ್ತೆಯ ಮುಖ ಮಳೆಗೆ ನೆನೆಯಬಾರದೆಂದು ಫ್ಲೆಕ್ಸನ್ನು ಒಳಮಗ್ಗುಲಿಗೆ ತಿರುಗಿಸಿ, ತಂತಿಯಲ್ಲಿ ಬಿಗಿದು ಕಟ್ಟಿದೆ. ಕೆಳಗೆ ಸಾಲಾಗಿ ಇಟ್ಟಿಗೆ ಹೇರಿದೆ. ಮೇಲೆ ಉಳಿದ ಸಂದಿಗೆ ಹಳೇ ಸೀರೆ ತುರುಕಿದೆ. ಒಂದು ಹನಿಯೂ ಒಳಗೆ ಹೋಗದು. ನೀವೇ ನೋಡಿಕೊಳ್ಳಿ ಅತ್ತೆ ಅಂದುಕೊಂಡು, ನನ್ನ ಕೆಲಸ ನೋಡಿ ನಾನೇ ಬೀಗಿದೆ.

ಮರುದಿನ ಮೊದಲ ಶಿಫ್ಟು, ಐದೂವರೆಗೆ ಫ್ಯಾಕ್ಟರಿ ಬಸ್ಸು. ಗೂಡಿನಿಂದ ಸದ್ದಿರಲಿಲ್ಲ. ಬೆಚ್ಚಗೆ ಮಲಗಿವೆ, ತಂತಿ ಬಿಚ್ಚುತ್ತಾ ಕೂತರೆ ಬಸ್ಸು ತಪ್ಪುತ್ತದೆ ಎಂದು ಹೊರಟುಬಿಟ್ಟೆ.

ಮಧ್ಯಾಹ್ನ ಬಂದು ಬಿಚ್ಚಿದಾಗ ಕಣ್ಣು ಉರಿಯುವ ಘಾಟು. ಅನ್ನದ ಪಾತ್ರೆಯ ಮುಚ್ಚಳದ ಹಾಗೆ ಫ್ಲೆಕ್ಸಿನ ಒಳಮೈಯೆಲ್ಲ ನೀರು. ಅತ್ತೆಯ ಹಣೆಯಿಂದ, ಕೆನ್ನೆಯಿಂದ ತೊಟ್ಟಿಕ್ಕುತ್ತಿತ್ತು. ಕೆಳಗೆ ಹಾಸಿದ್ದ ಹೊಟ್ಟು ಕೆಸರಾಗಿತ್ತು. ದೊಡ್ಡವು ಕೊಕ್ಕು ತೆರೆದು ತೇಕುತ್ತಿದ್ದವು. ಕರಿಕೋಳಿ ರೆಕ್ಕೆ ಹರಡಿ ಕೂತಿತ್ತು. ಎತ್ತಿ ನೋಡಿದರೆ ಅದರಡಿಯಲ್ಲಿ ಒಂಬತ್ತೂ ಸತ್ತಿದ್ದವು, ನೆನೆದು, ತಣ್ಣಗೆ.

ನುಗ್ಗೆಮರದ ಬುಡದಲ್ಲಿ ಹೂಳುತ್ತಿದ್ದಾಗ ಪಕ್ಕದ ಮನೆಯಾಕೆ ಇಣುಕಿ, "ಚಳಿಗೆ ಹೋದ್ವೇನಮ್ಮಾ?" ಅಂದರು.

"ಹೂಂ, ಚಳಿಗೆ," ಅಂದೆ.

ನೆಲಮಂಗಲದ ಗೋಡೌನಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುವ ಗಂಡನಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. "ಹೋಗ್ಲಿ ಬಿಡು, ನೀನು ಅಷ್ಟು ಮಾಡ್ದೆಯಲ್ಲ. ಅಮ್ಮ ಇದ್ದಿದ್ರೆ ನೋಡಿ ಸಂತೋಷ ಪಡ್ತಿತ್ತು," ಅಂದರು. ನಾನು ಸಂದು ಮುಚ್ಚಿದ್ದು ಇವತ್ತಿಗೂ ಅವರಿಗೆ ಗೊತ್ತಿಲ್ಲ.

ಆ ಸಂಜೆ ಒಣಗಿದ ಗೋಣಿತಾಟು ಹುಡುಕಿ ಕಟ್ಟಿದೆ. ಮೇಲೆ ಕೈಯಿಟ್ಟು ಅಳೆದು ಒಂದು ಗೇಣು ಬಿಟ್ಟೆ. ಕರಿಕೋಳಿ ಮರಿಗಳನ್ನು ಕರೆಯುವುದು ಕತ್ತಲಾಗುವವರೆಗೂ ಆ ಸಂದಿನಿಂದ ಕೇಳಿಸುತ್ತಲೇ ಇತ್ತು.