ಬಿಚ್ಚಿ ನೋಡದ ಹಿಡಿ

ಗೈದರ್ಸ್‌ಬರ್ಗಿನಿಂದ ಜಾನ್ಸ್ ಕ್ರೀಕಿಗೆ, ಅಮೆರಿಕದ ಒಂದೂರಿನಿಂದ ಇನ್ನೊಂದೂರಿಗೆ, ಮನೆ ಬದಲಾಯಿಸಿ ಎರಡು ತಿಂಗಳಾಗಿತ್ತು. ಗ್ಯಾರೇಜಿನ ಮೂಲೆಯಲ್ಲಿ ಏಳು ರಟ್ಟಿನ ಡಬ್ಬಗಳು ಇನ್ನೂ ಹಾಗೇ ಕುಳಿತಿದ್ದವು. ಹೆಂಡತಿ ದಿನಕ್ಕೊಮ್ಮೆ ಅವುಗಳನ್ನೂ ನನ್ನನ್ನೂ ಒಂದೇ ದೃಷ್ಟಿಯಿಂದ ನೋಡುತ್ತಿದ್ದಳು. ಕಳೆದ ಭಾನುವಾರ ಬೆಳಿಗ್ಗೆ ಮನಸ್ಸು ಮಾಡಿ ಒಂದನ್ನು ತೆರೆದೆ. ಹಳೆಯ ವೈರುಗಳು, ಕೆಟ್ಟುಹೋದ ಮೋಡೆಮ್ಮು, ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ಸ್ಟೀಲ್ ತಟ್ಟೆ. ತಳದಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ವಸ್ತು. ಟವೆಲು ಬಿಚ್ಚುವುದಕ್ಕೂ ಮೊದಲೇ ವಾಸನೆ ಬಂತು... ಲೋಹ ಕೊರೆಯುವಾಗ ಹನಿಸುತ್ತಾರಲ್ಲ, ಆ ಎಣ್ಣೆಯ ವಾಸನೆ. ಇಷ್ಟು ವರ್ಷವಾದರೂ ಹೋಗಿರಲಿಲ್ಲ.

ಒಳಗಿದ್ದದ್ದು ಬಣ್ಣದ ಗುಂಡು ಹೊಡೆದು ಆಡುವ ಪೇಂಟ್‌ಬಾಲ್ ಗನ್ನಿನ ಗ್ರಿಪ್ ಫ್ರೇಮು. ಗನ್ನಿನ ಮೈಗೆ ಕೆಳಗಿನಿಂದ ಎರಡು ಸ್ಕ್ರೂ ಹಾಕಿ ಕೂರಿಸುವ ಹಿಡಿ. ಟ್ರಿಗರ್ ಇರುವುದು ಅದರಲ್ಲೇ. ಕಪ್ಪು ಅಲ್ಯುಮಿನಿಯಂ, ಎರಡು ಪಕ್ಕದಲ್ಲೂ ಮರದ ಪಟ್ಟಿ. ಕೈ ಜಾರಬಾರದೆಂದು ಪಟ್ಟಿಯ ಮೇಲೆ ಕೊರೆದಿದ್ದ ಗೀರುಗಳಲ್ಲಿ ಕುಂಕುಮ ಕೂತಿತ್ತು. ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೂ ಕುಂಕುಮವೆಂದು ಗೊತ್ತಾಗುತ್ತಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಆ ಕುಂಕುಮ ಇಟ್ಟವರನ್ನು ನಾವೆಲ್ಲ ಗ್ಯಾರೇಜ್ ಅಂಕಲ್ ಎನ್ನುತ್ತಿದ್ದೆವು. ತೊಂಬತ್ತರ ದಶಕದ ಕೊನೆಯಲ್ಲಿ ಗೈದರ್ಸ್‌ಬರ್ಗಿನ ಟೌನ್‌ಹೌಸುಗಳ ಸಾಲಿನಲ್ಲಿ ನನ್ನ ಮನೆಯಿಂದ ಎರಡನೆಯದು ಅವರದು. ಅವರ ಅಣ್ಣ ಬಹಳ ಹಿಂದೆಯೇ ಬಂದು ನೆಲೆಸಿದ್ದ ಡಾಕ್ಟರು. ಅವರೇ ತಮ್ಮನನ್ನು ಕರೆಸಿಕೊಂಡಿದ್ದರು. ಅಂಕಲ್ ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು, ಇಲ್ಲಿ ಒಂದು ಲ್ಯಾಬಿನ ಮೆಷಿನ್ ಶಾಪಿಗೆ ಸೇರಿದ್ದರು. ನಮ್ಮವರ ಪಾರ್ಟಿಗಳಲ್ಲಿ ಡಾಕ್ಟರುಗಳು ಒಂದು ಕಡೆ ಕೂರುತ್ತಿದ್ದರು, ನಮ್ಮಂಥ ಸಾಫ್ಟ್‌ವೇರಿನವರು ವೀಸಾ ಮಾತಾಡುತ್ತ ಇನ್ನೊಂದು ಕಡೆ. ಅಂಕಲ್ ತಟ್ಟೆ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತು, ಅದರ ಕೀಲು ಯಾಕೆ ಕಿರುಗುಟ್ಟುತ್ತಿದೆ ಎಂದು ಬಗ್ಗಿ ನೋಡುತ್ತಿದ್ದರು.

ಮೆಷಿನ್ ಶಾಪಿನ ಸಹೋದ್ಯೋಗಿಯೊಬ್ಬ ಒಮ್ಮೆ ಸೀಳಿಹೋದ ಗ್ರಿಪ್ ಫ್ರೇಮು ತಂದುಕೊಟ್ಟನಂತೆ. ಅಂಕಲ್ ರಿಪೇರಿ ಮಾಡಿಕೊಟ್ಟರು. ಅಲ್ಲಿಂದ ಶುರುವಾಯಿತು. ಶನಿವಾರ ಬಂತೆಂದರೆ ಅವರ ಗ್ಯಾರೇಜಿನ ಮುಂದೆ ಪಿಕಪ್ ಟ್ರಕ್ಕುಗಳು ನಿಲ್ಲುತ್ತಿದ್ದವು. ಒಬ್ಬನಿಗೆ ಗನ್ನಿನ ಜೊತೆ ಬಂದ ಪ್ಲಾಸ್ಟಿಕ್ ಹಿಡಿ ಬೇಡ, ಪಿಸ್ತೂಲಿನ ಮರದ ಪಟ್ಟಿ ಕೂರುವ ಅಲ್ಯುಮಿನಿಯಂ ಹಿಡಿ ಬೇಕು. ಇನ್ನೊಬ್ಬನಿಗೆ ಬೆರಳುಗಳಿಗೆ ತಗ್ಗು ಮಾಡಿದ ರಬ್ಬರ್ ಹಿಡಿ. ಆಗ ಎಲ್ಲರ ಕಣ್ಣು ಹೊಸದಾಗಿ ಬಂದಿದ್ದ ಎರಡು ಬೆರಳಿನ ಟ್ರಿಗರ್ ಮೇಲೆ. ತೋರುಬೆರಳು, ನಡುಬೆರಳು ಎರಡನ್ನೂ ಇಟ್ಟು ಹಾರ್ಮೋನಿಯಂ ನುಡಿಸಿದಂತೆ ಆಡಿಸಿದರೆ ಬಣ್ಣದ ಗುಂಡುಗಳು ಸಾಲಾಗಿ ಹಾರುತ್ತಿದ್ದವು.

ಒಂದು ಕಂಪನಿಯ ಹಿಡಿ ಇನ್ನೊಂದರ ಗನ್ನಿಗೆ ಕೂರುವುದು ಅಪರೂಪ. ಅಂಕಲ್ ಗೋಡೆಗೆ ದೊಡ್ಡ ಪ್ಲೈವುಡ್ ಹಲಗೆ ಹೊಡೆದು, ಅದರ ಮೇಲೆ ಒಂದೊಂದು ಹಿಡಿಯ ಆಕಾರವನ್ನೂ ಪೆನ್ಸಿಲಿನಲ್ಲಿ ಬರೆದು, ಸ್ಕ್ರೂ ತೂತುಗಳ ಅಂತರ ಗುರುತು ಮಾಡಿದ್ದರು. ಯಾವುದಕ್ಕೆ ಯಾವುದು ಕೂಡುತ್ತದೆ ಎಂದು ಬಾಣದ ಗುರುತು. ಮೇಲ್ಗಡೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ‘ಸಾಲಾವಳಿ’ ಎಂದು ಬರೆದಿತ್ತು. ಆ ಅಮೆರಿಕನ್ ಹುಡುಗರಿಗೆ ಅದು ಮದುವೆಗೆ ಜಾತಕ ಕೂಡಿಸುವ ಮಾತೆಂದು ಏನು ಗೊತ್ತು. ಅವರು ಭಕ್ತಿಯಿಂದ ಹಲಗೆಯ ಮುಂದೆ ನಿಲ್ಲುತ್ತಿದ್ದರು.

ನಾನೂ ಆಫೀಸಿನವರ ಜೊತೆ ಆ ಆಟದ ಹುಚ್ಚು ಹತ್ತಿಸಿಕೊಂಡಿದ್ದೆ. ಅಂಕಲ್ ಒಮ್ಮೆಯೂ ಆಡಿದವರಲ್ಲ. ಹಿಡಿ ಹಿಡಿಯುವ ಕೈಗಳನ್ನು ನೋಡುವುದೇ ಅವರಿಗೆ ಇಷ್ಟ. ನನಗೆ ಲೋಹ ಉಜ್ಜುವ ಫೈಲು, ಅಂದರೆ ಅರ, ಹಿಡಿಯುವುದನ್ನೂ ಕಲಿಸಿದರು. ನಾನು ಎಳೆದರೆ ಗೆರೆಗಳು ವಾರೆವಾರೆ, ಅವರು ಎಳೆದರೆ ಬಾಚಣಿಗೆಯಲ್ಲಿ ಬಾಚಿದ ಹಾಗೆ ನೇರ.

“ಫೈಲ್ ಗುರುತು ಅಂದ್ರೆ ಕೈಬರಹ ಇದ್ದಂಗೆ ಕಣಪ್ಪಾ,” ಎಂದಿದ್ದರು. “ಯಾರು ಎಳೆದಿದ್ದು ಅಂತ ಹೆಸರು ಕೇಳೋದೇ ಬೇಡ, ನೋಡಿದ್ರೆ ಗೊತ್ತಾಗತ್ತೆ.”

ಆ ವರ್ಷ ಆಯುಧಪೂಜೆಗೆ ಅಂಕಲ್ ಗ್ಯಾರೇಜು ತೊಳೆದು, ಬೆಂಚಿನ ಮೇಲೆ ಅರ, ಡ್ರಿಲ್ಲು, ಅಳತೆಯ ಸಾಮಾನುಗಳನ್ನೆಲ್ಲ ಜೋಡಿಸಿ ಕುಂಕುಮ ಇಟ್ಟರು. ನಾನು ತಮಾಷೆಗೆ ನನ್ನ ಗನ್ನನ್ನೂ ಪಕ್ಕದಲ್ಲಿಟ್ಟೆ. ಅವರು ಅದನ್ನು ಮೆಲ್ಲಗೆ ತೆಗೆದು ಕೆಳಗಿಟ್ಟರು.

“ಇದು ಆಟದ ಸಾಮಾನು. ಆಯುಧ ಅಲ್ಲ.”

ಮೂಲೆಯಲ್ಲಿದ್ದ ಆಂಟಿ ಕೋಸಂಬರಿ ಕಲಸುತ್ತ, “ಕಂಪ್ಯೂಟರಿಗೂ ಇಡ್ತೀವಲ್ಲ, ಇಡಬಾರದಾ?” ಎಂದು ನನ್ನ ಪರ ವಹಿಸಿದರು. ಅಂಕಲ್ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಸಹೋದ್ಯೋಗಿಯೊಬ್ಬನಿಂದ ನನಗೊಂದು ಎರಡು ಬೆರಳಿನ ಹಿಡಿ ಸಿಕ್ಕಿತು. ಬೇರೆ ಕಂಪನಿಯದು. ತಂದು ತೋರಿಸಿದೆ. ಅಂಕಲ್ ಹಲಗೆಯ ಕಡೆ ನೋಡಲೂ ಇಲ್ಲ, ತಲೆಯಾಡಿಸಿದರು.

“ನಿನ್ನ ಗನ್‌ಗೆ ಇದು ಸೂಟ್ ಆಗಲ್ಲ.”

“ತೂತು ಎರಡೂ ಕರೆಕ್ಟಾಗಿ ಕೂರ್ತವೆ ಅಂಕಲ್. ನಾನೇ ಚೆಕ್ ಮಾಡ್ದೆ.”

“ತೂತು ಕೂತುಬಿಟ್ರೆ ಆಯ್ತಾ? ಒಳಗಡೆ ಕೊಂಡಿ ಹಿಡೀಬೇಕು.”

ಕೊಂಡಿ ಎಂದರೆ ಕಿರುಬೆರಳ ಉಗುರಿನಷ್ಟು ಉಕ್ಕಿನ ತುಂಡು. ಗನ್ನಿನೊಳಗಿನ ಸುತ್ತಿಗೆಯನ್ನು ತಡೆದು ಹಿಡಿದಿರುವುದು ಅದೇ. ಟ್ರಿಗರ್ ಎಳೆದಾಗ ಕೊಂಡಿ ಬಿಡುತ್ತದೆ, ಸುತ್ತಿಗೆ ಚಿಮ್ಮುತ್ತದೆ, ಗುಂಡು ಹಾರುತ್ತದೆ. ನಾನು ತಂದ ಹಿಡಿಯ ಕೊಂಡಿ ನನ್ನ ಗನ್ನಿನ ಸುತ್ತಿಗೆಯನ್ನು ಅಂಚಿನಲ್ಲಷ್ಟೇ ಮುಟ್ಟುತ್ತಿತ್ತು. ನಾನು ಬಿಡಲಿಲ್ಲ, ವಾರಗಟ್ಟಲೆ ಅವರ ತಲೆ ತಿಂದೆ. ಕೊನೆಗೆ ಅಂಕಲ್ ಹೊಸ ಕೊಂಡಿಯನ್ನೇ ಮಾಡಿ ಕೂರಿಸಿಕೊಟ್ಟರು. ಗಟ್ಟಿಯಾಗಿ ಹಿಡಿಯಿತು. ಆದರೆ ಟ್ರಿಗರ್ ಬಿಗಿ. ಸ್ವಲ್ಪ ಹಗುರ ಮಾಡಿ ಎಂದರೆ, “ಇಷ್ಟು ಇರ್ಲೇಬೇಕು. ಸೇಫ್ಟಿ ಬಟನ್ ಲಾಕ್ ಮಾಡೋದು ಟ್ರಿಗರ್‌ನ ಮಾತ್ರ. ಕೊಂಡಿ ಜಾರಿದ್ರೆ ಅದೇನೂ ಮಾಡಲ್ಲ,” ಎಂದರು.

ನಾನು ಮನೆಗೆ ಬಂದು ಅಡುಗೆಮನೆಯ ಟೇಬಲ್ಲಿನ ಮೇಲೆ ಹಿಡಿ ಬಿಚ್ಚಿ, ಹಾರ್ಡ್‌ವೇರ್ ಅಂಗಡಿಯಿಂದ ತಂದ ಅರದಲ್ಲಿ ಕೊಂಡಿಯ ಮೇಲೆ ಹತ್ತು ಹನ್ನೆರಡು ಸಲ ಎಳೆದೆ. ಟ್ರಿಗರ್ ಬೆಣ್ಣೆಯಂತಾಯಿತು. ಎಂಥ ಕೈಚಳಕ ನನ್ನದು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ವಸಂತದ ಒಂದು ಶನಿವಾರ ಕಾಡಿನ ಮೈದಾನದಲ್ಲಿ ಆಟವಿತ್ತು. ಅಂಕಲ್ ಮಡಿಸುವ ಕುರ್ಚಿ, ನಮಗೆಲ್ಲ ಆಂಟಿ ಕಟ್ಟಿಕೊಟ್ಟ ಚಿತ್ರಾನ್ನ ಎರಡನ್ನೂ ಹೊತ್ತು ಬಂದಿದ್ದರು. ಆಟದ ಜಾಗದ ಸುತ್ತ ಕಟ್ಟಿದ ಬಲೆಯ ಒಳಗೆ ಕಣ್ಣು ಕಾಯುವ ಮುಖವಾಡ ತೆಗೆಯುವಂತಿಲ್ಲ. ಹೊರಗೆ ಊಟದ ಬೆಂಚುಗಳ ಹತ್ತಿರ ಯಾರೂ ಹಾಕಿರುವುದಿಲ್ಲ. ನಾನು ಹೊರಗೆ ಬಂದು, ಸೇಫ್ಟಿ ಒತ್ತಿ, ಗನ್ನನ್ನು ಬಾಯಿ ಮೇಲೆ ಮಾಡಿ ಬೆಂಚಿಗೆ ಒರಗಿಸಿದೆ. ನಳಿಗೆಯ ಬಾಯಿಗೆ ಹಾಕಬೇಕಾದ ಪ್ಲಗ್ ಕಾರಿನಲ್ಲೇ ಉಳಿದಿತ್ತು. ಸೇಫ್ಟಿ ಇದೆಯಲ್ಲ ಎಂಬ ಧೈರ್ಯ. ನಾನು ಬೆಂಚಿನ ಮೇಲೆ ಕೂತದ್ದಕ್ಕೆ ಅದು ಅಲುಗಿತು, ಗನ್ನು ಜಾರಿ ಅದರ ಬುಡ ಕಲ್ಲಿಗೆ ಬಡಿಯಿತು. ಟಪ್ ಎಂದಿತು ಅಷ್ಟೆ, ಸೋಡಾ ಕ್ಯಾನ್ ತೆರೆದ ಸದ್ದು.

ಅಂಕಲ್ ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆಗೆಯಲು ಬಗ್ಗಿದ್ದರು. ಮುಖದ ತುಂಬ ಹಳದಿ ಬಣ್ಣ. ಹೇಳಿಬಿಡುತ್ತೇನೆ... ಮೊದಲ ಕ್ಷಣ ನನಗೆ ನಗು ಬಂತು. ನಕ್ಕೆ ಕೂಡ. ಅವರು ಕೈ ತೆಗೆದಾಗ ಹಳದಿಯ ಜೊತೆ ಕೆಂಪೂ ಇತ್ತು.

ಬಲಗಣ್ಣು ಹೋಯಿತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಅಷ್ಟೇ.

ಎಲ್ಲರೂ ಪ್ಲಗ್ ಹಾಕದ್ದಕ್ಕೆ ನನ್ನನ್ನು ಬೈದರು. ನಾನು ಅತ್ತೂ ಕರೆದೂ ಒಪ್ಪಿಕೊಂಡೆ. ಆ ತಪ್ಪನ್ನು ಅಷ್ಟು ಜೋರಾಗಿ ಒಪ್ಪಿಕೊಂಡದ್ದೇ ಇನ್ನೊಂದನ್ನು, ಕೊಂಡಿಗೆ ಅರ ಹಾಕಿದ್ದನ್ನು, ಮುಚ್ಚಿಡುವುದಕ್ಕೆ. ಸೇಫ್ಟಿ ಒತ್ತಿದ್ದರೂ ಯಾಕೆ ಹಾರಿತು ಎಂದು ಮೈದಾನದವನು ಕೇಳಿದಾಗ, ಕಣ್ಣಿಗೆ ಟವೆಲು ಒತ್ತಿಕೊಂಡಿದ್ದ ಅಂಕಲ್ ತಾವೇ ಇಂಗ್ಲಿಷಿನಲ್ಲಿ ಹೇಳಿದರು, ಒಳಗಿನ ಕೊಂಡಿ ತಮ್ಮ ಕೈಯಲ್ಲೇ ಮಾಡಿದ್ದು ಎಂದು. ನಾನು ಬಾಯಿ ಬಿಡಲಿಲ್ಲ. ಗ್ರೀನ್ ಕಾರ್ಡಿಗೆ ಆಗಷ್ಟೇ ಅಪ್ಲೈ ಮಾಡಿದ್ದೆ. ಕೇಸು ಗೀಸು ಆದರೆ ಎಂಬ ಭಯ. ಭಯಕ್ಕೆ ಕಾರಣವಿತ್ತು, ಆದರೆ ಹೇಡಿತನಕ್ಕೆ ಅದು ಸಮಜಾಯಿಷಿಯಲ್ಲ ಎಂದು ಈಗ ಗೊತ್ತಿದೆ. ಆಗಲೂ ಗೊತ್ತಿತ್ತು.

ಆಸ್ಪತ್ರೆಯಿಂದ ಬಂದ ವಾರದಲ್ಲೇ ಅಂಕಲ್ ಆ ಹಿಡಿಯನ್ನು ತರಿಸಿಕೊಂಡರು. ಬಿಚ್ಚಿ ನೋಡುತ್ತಾರೆ, ನನ್ನ ಕೈಬರಹ ಕಾಣುತ್ತದೆ. ದಿನಗಳು ಕಳೆದವು, ತಿಂಗಳುಗಳು ಕಳೆದವು, ಅವರು ಏನೂ ಹೇಳಲಿಲ್ಲ. ಒಂದೇ ಕಣ್ಣಿನಲ್ಲಿ ಕಂಡಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನವನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಮೈ ಉರಿಯುತ್ತದೆ.

ಶನಿವಾರದ ಟ್ರಕ್ಕುಗಳು ನಿಂತವು. ಬಂದವರಿಗೆಲ್ಲ ಅಂಕಲ್, ತಮ್ಮ ಕೆಲಸದಲ್ಲಿ ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದರು. ಲ್ಯಾಬಿನಲ್ಲೂ ಅವರನ್ನು ಮೆಷಿನ್ನು ಬಿಡಿಸಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ಪಾರ್ಟಿಗಳಲ್ಲಿ ಯಾರೋ ಡಾಕ್ಟರು, “ಪಾಪ, ಸ್ವಂತ ಕೈಕೆಲಸವೇ ಕೈಕೊಡ್ತು ನೋಡಿ,” ಎನ್ನುವಾಗ ನಾನು ಪಲ್ಯ ಬಡಿಸಿಕೊಳ್ಳುತ್ತಿದ್ದೆ.

ಮರುವರ್ಷದ ಆಯುಧಪೂಜೆಗೆ ಆಂಟಿ ನನ್ನನ್ನು ಕರೆದರು. ಸಾಲಾವಳಿ ಹಲಗೆ ಗೋಡೆಯಿಂದ ಇಳಿದುಹೋಗಿತ್ತು. ಬೆಂಚಿನ ಮೇಲೆ ಅರಗಳ ಪಕ್ಕದಲ್ಲಿ ನನ್ನ ಹಿಡಿ. ಅದರ ಮೇಲೆ ಕುಂಕುಮ, ಒಂದು ಸೇವಂತಿಗೆ. ಮಂಗಳಾರತಿಯಾದ ಮೇಲೆ ಅಂಕಲ್ ಹೂವು ತೆಗೆದು ಹಿಡಿಯನ್ನು ನನ್ನ ಕೈಗೆ ಕೊಟ್ಟರು.

“ಒಳಗೆ ಸರಿ ಮಾಡಿದೀನಿ. ಮನೇಗ್ ಹೋಗಿ ಒಂದ್ಸಲ ಬಿಚ್ಚಿ ನೋಡು.”

ನಾನು ಬಿಚ್ಚಲಿಲ್ಲ. ಟವೆಲಿನಲ್ಲಿ ಸುತ್ತಿ ಬಟ್ಟೆಯ ಕ್ಲಾಸೆಟ್ಟಿನ ಮೇಲಿನ ಹಲಗೆಗೆ ಸೇರಿಸಿದೆ. ಒಂದು ತಿಂಗಳಾದ ಮೇಲೆ ಇಂಡಿಯನ್ ಅಂಗಡಿಯ ಪಾರ್ಕಿಂಗಿನಲ್ಲಿ ಸಿಕ್ಕರು. ಆಂಟಿ ಕಾರಿನೊಳಗಿದ್ದರು. ಅಂಕಲ್ ನನ್ನ ಹತ್ತಿರ ಬಂದು, ಕಾಣುವ ಕಣ್ಣು ನನ್ನ ಕಡೆ ಬರುವಂತೆ ಮುಖ ತಿರುಗಿಸಿ ಕೇಳಿದರು.

“ಬಿಚ್ಚಿ ನೋಡ್ದ್ಯಾ?”

“ಹೂಂ ಅಂಕಲ್, ನೋಡ್ದೆ. ಫಸ್ಟ್ ಕ್ಲಾಸಾಗಿದೆ.”

ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ಇನ್ನೇನೋ ಹೇಳುತ್ತೇನೆಂದು ಕಾದಂತಿತ್ತು.

“ನೋಡಿದೀಯ, ಅಲ್ವಾ?”

“ನೋಡ್ದೆ ಅಂಕಲ್.”

“ಸರಿ ಹಾಗಾದ್ರೆ,” ಎಂದು ತಿರುಗಿ ಹೋದರು. ಆಮೇಲೆ ಆ ಮಾತು ಎತ್ತಲಿಲ್ಲ. ಎದುರಿಗೆ ಸಿಕ್ಕರೆ ಮಾತಾಡುತ್ತಿದ್ದರು, ಆದರೆ ‘ನೀವು’ ಎನ್ನತೊಡಗಿದರು. ಹೇಗಿದ್ದೀರಿ, ಚೆನ್ನಾಗಿದ್ದೀರಾ. ನನಗೆ ಆಗ ಮದುವೆ ಗೊತ್ತಾಗಿತ್ತು, ಅದಕ್ಕೇ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡೆ. ಮೂರು ವರ್ಷದ ಮೇಲೆ ಅವರು ಕೆರೊಲಿನಾ ಕಡೆ ಹೊರಟುಹೋದರು. ಅಲ್ಲೇ ತೀರಿಕೊಂಡರೆಂದು ಯಾರೋ ಫೋನ್ ಮಾಡಿ ಹೇಳಿದರು. ಡ್ರೈವ್ ಮಾಡಿದರೆ ಏಳು ಗಂಟೆ. ರಜೆ ಇಲ್ಲ ಎಂದು ಸುಳ್ಳು ಹೇಳಿ ಹೋಗಲಿಲ್ಲ. ಆದರೂ ಎಷ್ಟೋ ಸಲ, ಏನಾದರೂ ರಿಪೇರಿಗೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರೆ ಸಾಕು, ಬೆನ್ನ ಹಿಂದೆ ಯಾರೋ ನಿಂತು ಅದೇ ಪ್ರಶ್ನೆ ಕೇಳಿದ ಹಾಗಾಗುತ್ತಿತ್ತು...

ಆ ಭಾನುವಾರ ಮೆಟ್ಟಿಲಿಂದ ಎದ್ದು ಸ್ಕ್ರೂ ಬಿಚ್ಚುವ ಅಲೆನ್ ಕೀ ಹುಡುಕಿ ತಂದೆ. ಮರದ ಪಟ್ಟಿಯ ಸ್ಕ್ರೂಗಳು ಸಲೀಸಾಗಿ ಬಂದವು. ಎಣ್ಣೆ ಹಾಕಿಯೇ ಕೂರಿಸಿದ್ದರು. ಒಳಗೆ ಹೊಸ ಕೊಂಡಿಯಿತ್ತು. ಒಂದೇ ಕಣ್ಣಿನಲ್ಲಿ ಮಾಡಿದ್ದು, ಗೆರೆಗಳು ಮಾತ್ರ ಬಾಚಿದ ಹಾಗೆ ನೇರ. ಅದರ ಕೆಳಗೆ ಹಿಡಿಯ ಟೊಳ್ಳಿನಲ್ಲಿ ಕ್ಯಾಲೆಂಡರ್ ಹಾಳೆಯ ಚೂರನ್ನು ಮಡಿಸಿ ಮಾಡಿದ ಪುಟ್ಟ ಪೊಟ್ಟಣ. ಬಿಚ್ಚಿದೆ. ಹಳೆಯ ಕೊಂಡಿ. ಅದರ ನೆತ್ತಿಯ ಮೇಲೆ ವಾರೆವಾರೆಯಾಗಿ ಹತ್ತು ಹನ್ನೆರಡು ಗೆರೆಗಳು. ಅವನ್ನು ಯಾರು ಎಳೆದದ್ದೆಂದು ಹೆಸರು ಕೇಳಬೇಕಾಗಿರಲಿಲ್ಲ.

ಚೀಟಿಯಿಲ್ಲ, ಒಂದಕ್ಷರವಿಲ್ಲ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಊರಿಗೆಲ್ಲ ತಮ್ಮ ಕೈಯ ತಪ್ಪೆಂದು ಹೇಳಿ, ನಿಜವನ್ನು ನನ್ನೊಬ್ಬನ ಕೈಗೆ ಕೊಟ್ಟಿದ್ದರು. ಬಿಚ್ಚಿ ನೋಡಿ ನಾನು ಬಂದು ಒಂದು ಮಾತು ಹೇಳುತ್ತೇನೆಂದು ಕಾದಿದ್ದರು. ಇದನ್ನು ಕಂಡವನು, ಕಂಡೂ ಅವರ ಮುಖ ನೋಡಿಕೊಂಡು ಫಸ್ಟ್ ಕ್ಲಾಸಾಗಿದೆ ಎಂದವನು... ಅವರ ಲೆಕ್ಕದಲ್ಲಿ ಅವನೇ ನಾನು. ಹಾಗೆಂದುಕೊಂಡೇ ಅವರು ಹೋದರು.

ಹೆಂಡತಿ ಒಳಗಿನಿಂದ ಏನು ಸಿಕ್ಕಿತು ಎಂದು ಕೂಗಿ ಕೇಳಿದಳು. ಕೊಂಡಿಯನ್ನು ಅಂಗೈಯಲ್ಲಿಟ್ಟುಕೊಂಡು, ನೋಡಿದೆ ಅಂಕಲ್ ಎಂದು ಮೆಲ್ಲಗೆ ಹೇಳಿದೆ. ಈ ಸಲ ನಿಜವಾಗಿ ನೋಡಿದ್ದೆ. ಕೇಳಿದವರು ಇರಲಿಲ್ಲ.