ಡೆಲ್ಮಾ ಹೊತ್ತ ಹಲಗೆ

ಆ ಹಲಗೆಗೆ ಬಣ್ಣ ಬಳಿದವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇನ್ನೊಬ್ಬರು ಹೇಳಿ ನನ್ನ ಮರ್ಯಾದೆ ತೆಗೆಯುವುದು ಬೇಡ. ನಾನು ಪುಟ್ಟಯ್ಯ, ಕೊಲ್ಲಿ ನಾಡಿನ ಸಲ್ವಾದಲ್ಲಿರುವ ಒಂದು ಇಂಡಿಯನ್ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಅಂಗೈಯಗಲದ ಹಲಗೆ, ಕೆಂಪು ದಾರ, ಮೇಲೆ ಇಂಗ್ಲಿಷಿನಲ್ಲಿ 'ನಾನು ಇಂಗ್ಲಿಷ್ ಮಾತಾಡಲಿಲ್ಲ' ಎಂಬ ಬರಹ. ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅದು. ಆ ಮಗು ಇನ್ನೊಬ್ಬರನ್ನು ಹಿಡಿದುಕೊಟ್ಟರೆ ಹಲಗೆ ಅವರಿಗೆ. ಕೊನೆಯ ಗಂಟೆ ಹೊಡೆದಾಗ ಯಾರ ಕೊರಳಲ್ಲಿದೆಯೋ ಅವರು ಮರುದಿನ ಅಸೆಂಬ್ಲಿಯಲ್ಲಿ ಎಲ್ಲರೆದುರು ನಿಲ್ಲಬೇಕು. ಈ ಘನಕಾರ್ಯ ನಮ್ಮ ಪ್ರಿನ್ಸಿಪಾಲ್ ಕ್ಲಾರಿಸ್ಸಾ ಮೇಡಂ ಅವರದು. ಅವರ ಊರು ಮಂಗಳೂರು!

ಡೆಲ್ಮಾ ಶಿರ್ವದವಳು, ಶಾಲೆಯ ಆಯಾ. ಹತ್ತೊಂಬತ್ತು ವರ್ಷ ಪುಟ್ಟ ಮಕ್ಕಳ ಮೂಗು ಒರೆಸಿದವಳು, ಶೂ ಲೇಸು ಕಟ್ಟಿದವಳು. ತಾನಿರುವ ರೂಮಿನಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ, ಇಂಗ್ಲಿಷಿನಲ್ಲಿ 'ಕಮ್', 'ಗೋ', 'ವಾಶ್' ಅಷ್ಟೇ. ಸಿಟ್ಟು ಮಾತ್ರ ಎಲ್ಲ ಭಾಷೆಯಲ್ಲೂ ಬರುತ್ತಿತ್ತು.

ಒಂದನೇ ಕ್ಲಾಸಿನ ಸಮೀಹಾ ಊರಿನಿಂದ ಆಗಷ್ಟೇ ಬಂದ ಬ್ಯಾರಿ ಹುಡುಗಿ. ಒಂದು ದಿನ ಉಚ್ಚೆಗೆ ಹೋಗಬೇಕೆಂದು ಬ್ಯಾರಿಯಲ್ಲಿ ಕೇಳಿದಳು. ಹಲಗೆ ಬಿತ್ತು. ಮತ್ತೆ ಬಾಯಿ ತೆರೆಯಲಿಲ್ಲ, ಬೆಂಚಿನ ಮೇಲೇ ಒದ್ದೆಯಾಗಿ ಕೂತಳು.

ಅವಳ ಬಟ್ಟೆ ಬದಲಾಯಿಸುತ್ತಾ ಡೆಲ್ಮಾ ಆ ದಾರಿಯಲ್ಲಿ ಬಂದ ನನ್ನ ಕಡೆ ತಿರುಗಿದಳು. "ಎಂತ ಶಾಲೆ ಮಾರಾಯ್ರೆ ಇದು? ಮಕ್ಕಳ ಉಚ್ಚೆಗೂ ಇಂಗ್ಲಿಷ್ ಬೇಕಾ? ಬೋರ್ಡು ಬರೀಲಿಕ್ಕೆ ನಿಮ್ಗೆ ನಾಚಿಕೆ ಆಗ್ಲಿಲ್ವಾ?" ಆಗಿತ್ತು. ಆದರೂ ಬರೆದಿದ್ದೆ. ನನ್ನ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ಶಾಲೆಯ ಕೈಯಲ್ಲಿತ್ತು, ಅವಳದೂ.

ಅವಳು ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ನಾನೀಗ ಕನ್ನಡ ಮಾತಾಡಿದ್ದು ಕೇಳಿತಲ್ಲ ಮಗಾ? ಮತ್ತೆ ಎಂತ ನೋಡ್ತೀ? ಹಲಗೆ ನನಗೆ ಹಾಕು."

ಅಂದಿನಿಂದ ಅದೇ ಪದ್ಧತಿಯಾಯಿತು. ಕೊನೆಯ ಗಂಟೆಗೆ ಮುಂಚೆ ಹಲಗೆ ಹೊತ್ತ ಮಗು ಅವಳ ಹತ್ತಿರ ಓಡಿಬರುತ್ತಿತ್ತು. ಅವಳು "ಬುತ್ತಿ ಖಾಲಿ ಮಾಡಿದ್ಯಾ?" ಎನ್ನುತ್ತಿದ್ದಳು, ಹಲಗೆಯನ್ನು ಕೊರಳಿಗೆ ಹಾಕಿಸಿಕೊಂಡು ಏಪ್ರನ್ನಿನೊಳಗೆ ಸೇರಿಸುತ್ತಿದ್ದಳು. ಬೆಳಿಗ್ಗೆ ಮತ್ತೆ ಟೀಚರ್ ಮೇಜಿನ ಮೇಲೆ ಇಡುತ್ತಿದ್ದಳು. ಮೂರು ತಿಂಗಳು ಒಂದು ಮಗುವೂ ಅಸೆಂಬ್ಲಿಯಲ್ಲಿ ನಿಲ್ಲಲಿಲ್ಲ. ಮಕ್ಕಳ ಇಂಗ್ಲಿಷ್ ಸುಧಾರಿಸಿತೆಂದು ಮೇಡಂ ಬೀಗಿದರು. ಆಯಾಳ ಕೊರಳನ್ನು ಯಾರು ನೋಡುತ್ತಾರೆ?

ಫೆಬ್ರವರಿಯಲ್ಲಿ ಶಾಲೆಯ ಫ್ರೆಂಚ್ ಕ್ಲಾಸಿನವರ ಪ್ರದರ್ಶನ ಬಂತು. ವಿಷಯ, ದಕ್ಷಿಣ ಫ್ರಾನ್ಸಿನ ಲಾಂಗ್ದೊಕ್ ಸೀಮೆ. ಕೋಟೆ, ದ್ರಾಕ್ಷಿತೋಟ, ಕಪ್ಪು ಗೂಳಿಗಳ ಆಟ, ಎಲ್ಲವನ್ನೂ ನಾನೇ ಬರೆದೆ. ಕೊನೆಯಲ್ಲಿ ದಾರ ಕಟ್ಟಿದ ಒಂದು ಮರದ ಪಾದರಕ್ಷೆ. ಹಿಂದೆ ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಮನೆಯ ಓಕ್ಸಿತಾನ್ ಭಾಷೆ ಆಡಿದರೆ ಇಂಥದ್ದನ್ನು ಕೊರಳಿಗೆ ಹಾಕುತ್ತಿದ್ದರಂತೆ. ಒಬ್ಬರಿಂದೊಬ್ಬರಿಗೆ ದಾಟಿಸಬೇಕು, ಸಂಜೆ ಯಾರಲ್ಲಿ ಉಳಿಯಿತೋ ಅವರಿಗೆ ಶಿಕ್ಷೆ. ಕವಿಗಳು ಅರಮನೆಯಿಂದ ಅರಮನೆಗೆ ಹೋಗಿ ಹಾಡುತ್ತಿದ್ದ ಭಾಷೆಗೆ ಈ ಗತಿ. ವಿದ್ಯಾರ್ಥಿ ನೈಜೆಲ್ ಇದನ್ನು ಓದಿದಾಗ ಮೇಡಂ ಎದೆಯ ಮೇಲೆ ಕೈಯಿಟ್ಟು "ಸೋ ಕ್ರೂಯೆಲ್!" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು.

ಅತಿಥಿಯಾಗಿ ಬಂದಿದ್ದವರು ಅದೇ ಸೀಮೆಯ ವಯಸ್ಸಾದ ಹೆಂಗಸು. ತನ್ನ ಅಜ್ಜಿ ಅಂಥದ್ದನ್ನು ಹೊತ್ತವಳು, ಆಮೇಲೆ ಆ ಅಜ್ಜಿ ತನ್ನ ಮಕ್ಕಳಿಗೂ ಆ ಭಾಷೆ ಕಲಿಸಲಿಲ್ಲ ಎಂದು ಅವರು ಹೇಳುತ್ತಿರುವಾಗ ಡೆಲ್ಮಾ ಜ್ಯೂಸಿನ ತಟ್ಟೆ ಹಿಡಿದು ಬಂದಳು. ಅಂದು ಹಲಗೆ ಏಪ್ರನ್ನಿನ ಮೇಲಿತ್ತು. ಬೇಕೆಂದೇ ಹಾಗೆ ಬಂದಿದ್ದಳು. ಅತಿಥಿ ಓದಿದರು. ಮತ್ತೊಮ್ಮೆ ಓದಿದರು. ಜ್ಯೂಸು ಮುಟ್ಟದೆ, ಮೇಡಂ ಮುಖವನ್ನೊಮ್ಮೆ ನೋಡಿ ಹೊರಟುಹೋದರು.

ಮರುದಿನವೇ ಡೆಲ್ಮಾಗೆ ಖಲಾಸ್. ಇಕಾಮಾ ಕ್ಯಾನ್ಸಲ್, ಊರಿಗೆ ಟಿಕೆಟ್. ಹತ್ತೊಂಬತ್ತು ವರ್ಷಕ್ಕೆ ಒಂದು ಹೂಗುಚ್ಛ, ಅದೂ ಪ್ಲಾಸ್ಟಿಕ್ಕಿನದು. ಹೋಗುವಾಗ ಹಲಗೆಯನ್ನು ನನ್ನ ಕೈಗೆ ತುರುಕಿದಳು. "ನೀವೇ ಮಾಡಿದ್ದಲ್ವಾ, ನೀವೇ ಇಟ್ಕೊಳ್ಳಿ."

ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ, ಮೇಡಂ ನನ್ನನ್ನು ಕರೆಸಿದರು. ಬಾಗಿಲು ಹಾಕಿಕೊಂಡು ದನಿ ತಗ್ಗಿಸಿದರು. "ಪುಟ್ಟಯ್ಯ ಸರ್, ಇನ್ನೊಂದು ಬೋರ್ಡ್ ಮಾಡಿ ಮಾರಾಯ್ರೆ. ಈ ಸಲ ಸಣ್ಣದು ಸಾಕು, ದೂರಕ್ಕೆ ಕಾಣ್ಲಿಕ್ಕಿಲ್ಲ."

ಹಲಗೆ ನನ್ನ ಚೀಲದಲ್ಲೇ ಇತ್ತು. ತೆಗೆದು ಅವರ ಮುಂದೆ ಇಟ್ಟೆ.

"ಮೇಡಂ, ಈಗ ಕನ್ನಡ ಮಾತಾಡಿದ್ರಿ," ಎಂದೆ. "ಹಾಕ್ಕೊಳ್ಳಿ."