ಐದು ಗೋಲಿನ ಹಾರ

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದದ್ದನ್ನು ಕಣ್ಣಾರೆ ಕಂಡವನು ಇಡೀ ಪಟ್ಟಣದಲ್ಲಿ ಒಬ್ಬನೇ ಇದ್ದ. ಅವನು ಕಾಲೇಜಿನ ಮುದಿ ಜವಾನ. ಆದರೆ ಕಾಲೇಜಿನ ಬಾವಿಕಟ್ಟೆಯ ಮೇಲೆ ಹುಲಿ ಮಲಗಿದ್ದನ್ನೂ ಕಂಡಿದ್ದೇನೆ ಎಂದು ಅವನು ಹೇಳುತ್ತಿದ್ದುದರಿಂದ ನಾವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಬಿಟ್ಟಿದ್ದೆವು.

ನಾನು ಆಡುವವನಲ್ಲ, ಕೂಗುವವನು. ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಗಂಟಲು ಮಾತ್ರ ಜೋಳದ ಹೊಲದಲ್ಲಿ ಹಕ್ಕಿ ಓಡಿಸಿ ಪಳಗಿದ್ದು. ಗೋಲಿಗೆ ನಿಲ್ಲುತ್ತಿದ್ದವನು ನನ್ನ ದೊಡ್ಡಪ್ಪನ ಮಗ. ನನಗಿಂತ ಒಂದು ವರ್ಷ ದೊಡ್ಡವನು, ಅಣ್ಣ ಎನ್ನುತ್ತಿದ್ದೆ. ಅಣ್ಣನಿಗೆ ಇದ್ದದ್ದು ಓದಿನ ಹುಚ್ಚು. ಒಂದು ಲೆಕ್ಕ ಹಿಡಿದನೆಂದರೆ ಊಟದ ಗಂಟೆಯೂ ಕೇಳುತ್ತಿರಲಿಲ್ಲ. ಆದರೆ ದೇವರು ಅವನಿಗೆ ಎತ್ತರ ಕೊಟ್ಟಿದ್ದ, ಬೇಡ ಎನ್ನುವ ಬಾಯಿ ಕೊಟ್ಟಿರಲಿಲ್ಲ. ಡ್ರಿಲ್ ಮಾಸ್ತರರು ಅವನ ಉದ್ದ ನೋಡಿದವರೇ ಎರಡು ಕಂಬಗಳ ನಡುವೆ ತಂದು ನಿಲ್ಲಿಸಿದರು. ಅವನು ನಿಂತ. ಚೆಂಡು ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ನಮ್ಮದು ಮಣ್ಣೂರು, ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ಮೇಲಿನ ಊರು. ಮನೆಯ ಯಜಮಾನ ನಮ್ಮ ಮುತ್ಯಾ, ಅಂದರೆ ಅಜ್ಜ. ಊರ ಪಾಟೀಲನೂ ಅವನೇ. ಮೊಮ್ಮಗ ಕಾಲೇಜಿನಲ್ಲಿ ಚೆಂಡು ಒದೆಯುತ್ತಾನೆಂದು ಯಾರೋ ಕಿವಿಗೆ ಹಾಕಿದಾಗ ಮುತ್ಯಾ ನಮ್ಮಿಬ್ಬರನ್ನೂ ಕಟ್ಟೆಯ ಮುಂದೆ ನಿಲ್ಲಿಸಿಕೊಂಡ.

"ಒದ್ಯಾದು ಕತ್ತೆ ಕೆಲಸ. ಆದ್ರೂ ಹೋಗ್ಲಿ. ಮನಿತನಕ್ಕ ಮಾನ ಬಂದ್ರ ಆಡು, ಓದು. ನಾಕು ಮಂದ್ಯಾಗ ಸೋತು ಮಾನ ಕಳದೀ ಅಂದ್ರ ಅವತ್ತೇ ಗಂಟು ಕಟಗೊಂಡು ಬಾ. ಎತ್ತು ದಾರಿ ನೋಡಾಕತ್ತಾವ."

ಅಣ್ಣನ ಮುಖ ಬೂದಿಯಾಯಿತು. ಸೋಲುವುದು ನಮ್ಮ ತಂಡದ ನಿತ್ಯಕರ್ಮ. ಅದರಿಂದ ಅವನ ಓದೇ ನಿಂತುಹೋಗುವುದೆಂದರೆ?

ಪಟ್ಟಣದಲ್ಲಿ ನಮ್ಮೊಂದಿಗೆ ಆಡಿ ಎಲ್ಲರಿಗೂ ಬೇಸರ ಬಂದಿದ್ದರಿಂದ, ಗೆಲ್ಲಬೇಕಾದರೆ ತಾಲೂಕುಗಳಿಗೆ ಹೋಗಬೇಕು ಎಂದು ನಮ್ಮ ಕಪ್ತಾನ ನಿರ್ಧರಿಸಿದ. ಮೊದಲು ಆಳಂದ. ಅಲ್ಲಿಯವರು ಬರಿಗಾಲಿನವರು, ಶಾಲೆ ಮಾಸ್ತರರು, ಬಟ್ಟೆ ಅಂಗಡಿಯ ಹುಡುಗರು. ನಮ್ಮಲ್ಲಿ ನಾಲ್ವರಿಗೆ ಬೂಟು ಇದ್ದವು. ಐದು ಗೋಲಿನಿಂದ ಸೋತೆವು. ನಮ್ಮ ಬೂಟುಗಳು ಎರೆಮಣ್ಣಿನ ಬಿರುಕಿನಲ್ಲಿ ಸಿಕ್ಕಿಕೊಂಡು, ಒಂದನ್ನಂತೂ ಆಟ ಮುಗಿದ ಮೇಲೆ ಗುದ್ದಲಿ ತಂದು ಅಗೆದು ತೆಗೆಯಬೇಕಾಯಿತು.

ಆ ವಾರ ಊರಿಗೆ ಹೊರಟಾಗ ಅಣ್ಣ ತನ್ನ ಪುಸ್ತಕಗಳನ್ನೆಲ್ಲ ನನ್ನ ಪೆಟ್ಟಿಗೆಗೆ ಹಾಕಿದ. "ನೀನರ ಓದು" ಎಂದ. ಯುದ್ಧದ ಕಾಲ, ಪೆಟ್ರೋಲು ಇಲ್ಲದೆ ಮೋಟಾರುಗಳು ಇದ್ದಲಿನ ಹೊಗೆಯ ಮೇಲೆ ಓಡುತ್ತಿದ್ದವು. ಆ ಮೋಟಾರಿನಲ್ಲಿ ಕೆಮ್ಮುತ್ತಾ, ಮಸಿ ಒರೆಸಿಕೊಳ್ಳುತ್ತಾ ಊರಿನ ಅಗಸಿ ಬಾಗಿಲಿಗೆ ಬಂದು ಇಳಿದರೆ ಅಲ್ಲಿ ಹಲಗೆ ಬಾರಿಸುವವರು ನಿಂತಿದ್ದರು! ಆಯಿ, ನಮ್ಮ ಅಜ್ಜಿ, ಆರತಿ ಹಿಡಿದಿದ್ದಳು. ಮುತ್ಯಾ ಎರಡೂ ತೋಳು ಚಾಚಿ, "ಬಾರಲೇ ನಮ್ಮ ಹುಲಿ!" ಎಂದ.

ಇದು ಅಣಕವೆಂದು ತಿಳಿದ ಅಣ್ಣ ಅಲ್ಲೇ ಅತ್ತುಬಿಟ್ಟ.

"ನೋಡ್ರಿ, ನೋಡ್ರಿ, ಖುಷಿಗೆ ಅಳಾಕತ್ತಾನ" ಎಂದು ಮುತ್ಯಾ ಮಂದಿಗೆ ತೋರಿಸಿದ.

ಹೋಳಿಗೆಯ ಎಲೆಯ ಮುಂದೆ ಕುಳಿತಾಗ ಸಂಗತಿ ತಿಳಿಯಿತು. ನಮಗಿಂತ ಎರಡು ದಿನ ಮೊದಲೇ ಆ ಮೋಟಾರಿನ ಡ್ರೈವರ್ ಸುದ್ದಿ ತಂದಿದ್ದ. ಡ್ರೈವರ್ ಸಾಬಣ್ಣನ ಮನೆಮಾತು ಉರ್ದು, ಕನ್ನಡವೂ ನಮ್ಮಷ್ಟೇ ಬರುತ್ತಿತ್ತು. ಆದರೆ ಮುತ್ಯಾನ ಹತ್ತಿರ ಕನ್ನಡ ಆಡಿದರೆ ಮುತ್ಯಾನಿಗೆ ಸಿಟ್ಟು. ನಿಜಾಮರ ಕಚೇರಿಯಲ್ಲಿ ನಡೆಯುತ್ತಿದ್ದುದು ಉರ್ದು, ಮುತ್ಯಾ ವರ್ಷಗಟ್ಟಲೆ ಅಲ್ಲಿ ಸಾಹೇಬರ ಮಗ್ಗುಲಲ್ಲಿ ಕೂತವನು. ಊರಿಗೆಲ್ಲ ಉರ್ದು ಬಲ್ಲವನು ತಾನೊಬ್ಬನೇ ಎಂಬ ಹೆಮ್ಮೆ. ಅವನಿಗೆ ಬರುತ್ತಿದ್ದುದು ಹುಕುಂ, ಹಾಜರ್, ದರಖಾಸ್ತು, ಜಮಾಬಂದಿ, ಇಷ್ಟೇ. ಅದು ಊರಿಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಹೀಗಾಗಿ ಡ್ರೈವರ್ ಮರ್ಯಾದೆಯಿಂದ ತನ್ನ ಉರ್ದುವಿನಲ್ಲೇ, ದುಃಖದ ದನಿ ತೆಗೆದು ಹೇಳಿದ್ದ: "ಹಾರ್ ಹುಯೀ, ಪಾಟೀಲ್ ಸಾಬ್. ಪಾಂಚ್ ಗೋಲ್ ಕೀ ಹಾರ್."

ಐದು ಗೋಲಿನ ಸೋಲು ಎಂದು ಅವನು ಹೇಳಿದ್ದು. ಮುತ್ಯಾ ಅದನ್ನು ಕಟ್ಟೆಯ ಮಂದಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದ: "ಹುಯೀ ಅಂದ್ರ ಆಯ್ತು. ಹಾರ ಆಯ್ತು. ಆಳಂದದ ಮಂದಿ ನಮ್ಮ ಹುಡುಗಗ ಹಾರ ಹಾಕ್ಯಾರ. ಒಂದಲ್ಲ, ಐದು. ಗೋಲ್ ಅಂದ್ರ ದುಂಡಗ. ಐದು ದುಂಡನ್ನ ಹಾರ!"

"ಗೌಡ್ರ, ಚಪ್ಪಟಿ ಹಾರ ಎಲ್ಲ್ಯಾರ ಇರ್ತಾದೇನ್ರಿ?" ಎಂದು ಒಬ್ಬ ಕೇಳಿದನಂತೆ.

"ಪಟ್ಟಣದಾಗ ಇರ್ತಾವ. ನಿನಗೇನು ತಿಳೀತದ, ಸುಮ್ನ ಕೂಡು."

ಡ್ರೈವರಿಗೆ ಬುಟ್ಟಿ ತುಂಬ ಶೇಂಗಾ, ಬೆಲ್ಲ ಕೊಟ್ಟು ಕಳಿಸಿದ್ದರು. ಸೋತ ಸುದ್ದಿಗೆ ಬೆಲ್ಲ ಕೊಡುವ ಮನೆತನ! ಎಂಥ ದೊಡ್ಡ ಮನಸ್ಸು ಎಂದು ಅವನು ದಾರಿಯ ಊರುಗಳಲ್ಲೆಲ್ಲ ಹೇಳಿಕೊಂಡು ಹೋಗಿದ್ದ.

ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರ ಬಾಯಿ ತುಂಬ ಹೋಳಿಗೆ ಇದ್ದುದರಿಂದ ಸತ್ಯಕ್ಕೆ ಹೊರಬರಲು ಜಾಗವಿರಲಿಲ್ಲ. ಅದನ್ನು ನುಂಗುವಷ್ಟರಲ್ಲಿ ಮುತ್ಯಾ, "ಒಂದೊಂದು ಹಾರ ಹ್ಯಾಂಗ ಬಿತ್ತು, ಹೇಳು" ಎಂದು ನನ್ನ ಕಡೆ ತಿರುಗಿದ. ನಾನು ಹೇಳಿದೆ. ಸೋತ ಕಡೆಯವನಿಗೆ ಗೆದ್ದವರ ಆಟ ಬಹಳ ಚೆನ್ನಾಗಿ ನೆನಪಿರುತ್ತದೆ. ಆಳಂದದವರು ಹೊಡೆದ ಐದೂ ಗೋಲು ನನ್ನ ಎದೆಯಲ್ಲಿ ನಾಟಿಕೊಂಡಿದ್ದವು. ಹೊಡೆದವರು ಯಾರೆಂಬುದೊಂದನ್ನು ಮಾತ್ರ ಬದಲಿಸಿದೆ. ಊರು ಕೇಕೆ ಹಾಕಿತು. ಇಷ್ಟು ವರ್ಷ ಕೂಗಿದ್ದಕ್ಕೆ ಮೊದಲ ಸಲ ಗೆಲುವಿನ ರುಚಿ ನೋಡಿದ್ದೆ, ಹೇಳುತ್ತಾ ಹೇಳುತ್ತಾ ನನಗೇ ನಂಬಿಕೆ ಬಂತು.

ಮುಂದಿನ ಪಂದ್ಯ ಅಫಜಲಪುರದಲ್ಲಿ. ಕಚೇರಿಯ ಗುಮಾಸ್ತರು ಮೂರು ಗೋಲು ಹೊಡೆದರು. ಹಸಿ ಜೋಳದ ತೆನೆಯ ಸೀತನಿ ಸುಡುವ ದಿನಗಳಾದ್ದರಿಂದ ಮುತ್ಯಾ ಹೊಲ ಬಿಟ್ಟು ಬಂದಿರಲಿಲ್ಲ, ಪುಣ್ಯ. ಡ್ರೈವರ್ ಮೂರು ಗೋಲಿನ ಹಾರ್ ಮುಟ್ಟಿಸಿದ, ಬೆಲ್ಲ ಒಯ್ದ. ನಾವು ಹೋಳಿಗೆ ತಿಂದೆವು.

ತಿರುಗಿ ಪಟ್ಟಣಕ್ಕೆ ಬರುವಾಗ ಅಣ್ಣ ಮೋಟಾರಿನಲ್ಲಿ ಒಮ್ಮೆಲೇ ನನ್ನ ಮೊಣಕೈ ಹಿಡಿದ.

"ಲೇ, ಉರ್ದುದಾಗ ಗೆಲುವಿಗೆ ಏನಂತಾರ?"

"ಜೀತ್."

"ಮುತ್ಯಾಗ ಜೀತ ಅಂದ್ರ ಏನು?"

ನಮ್ಮ ಕಡೆ ಜೀತವೆಂದರೆ ಒಂದೇ: ಇನ್ನೊಬ್ಬರ ಮನೆಯಲ್ಲಿ ಕೈಕಾಲು ಒತ್ತೆ ಇಟ್ಟು ದುಡಿಯುವುದು. ಅಣ್ಣ ಲೆಕ್ಕ ಬಿಡಿಸುವವನ ಹಾಗೆ ಮೆಲ್ಲಗೆ ಹೇಳಿದ: "ಗೆದ್ರ ಮುತ್ಯಾ ನಾನು ಜೀತಕ್ಕ ಬಿದ್ದೀನಿ ಅಂತಾನ. ಅಲ್ಲ, ಅದು ಗೆಲುವು ಅಂತ ಹೇಳಿದ್ರ, ಹಂಗಾರ ಹಾರ ಅಂದ್ರೇನು ಅಂತ ಕೇಳ್ತಾನ. ಹ್ಯಾಂಗ ಹೋದ್ರೂ ನಾ ಮನಿಗೇ."

"ಹುಚ್ಚ ಇದ್ದೀಯೇನು? ನಾವು ಗೆಲ್ಲಾದು ಹ್ಯಾಂಗ?" ಎಂದೆ. ಅವನಿಗೆ ಸಮಾಧಾನವಾಯಿತು. ಕೂಗುವವನ ಬಾಯಲ್ಲಿ ಇಂಥ ಮಾತು ಬರಬಾರದಿತ್ತು.

ಮೂರನೆಯ ಪಂದ್ಯ ಜೇವರಗಿಯಲ್ಲಿ. ಆಟ ಇನ್ನೇನು ಮುಗಿಯಲು ಬಂದಿತ್ತು. ಅವರದು ಸೊನ್ನೆ, ನಮ್ಮದು ಸೊನ್ನೆ; ಅಣ್ಣ ಕಣ್ಣು ಮುಚ್ಚಿದಾಗಲೆಲ್ಲ ಚೆಂಡು ಅವನ ಎದೆಗೇ ಬಂದು ಬಡಿಯುತ್ತಿತ್ತು. ಅಷ್ಟರಲ್ಲಿ ತಹಸೀಲ್ದಾರ್ ಸಾಹೇಬರ ಟಾಂಗಾ ಬಂತು. ಆ ಕಾಲದಲ್ಲಿ ಸಾಹೇಬರು ಬಂದರೆಂದರೆ ಗಾಳಿಯೂ ನಿಂತು ಸಲಾಂ ಹೊಡೆಯಬೇಕು. ಇಪ್ಪತ್ತೆರಡು ಜನರಲ್ಲಿ ಇಪ್ಪತ್ತೊಂದು ಜನ ನಿಂತಲ್ಲೇ ನಿಂತು, ಬಾಗಿ, ಕೈಯನ್ನು ಹಣೆಗೆ ಒಯ್ದರು. ರೆಫರಿ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಬಾಗಿದರು. ನಮ್ಮ ಎಡಗಡೆಯ ಆಟಗಾರನೊಬ್ಬನಿಗೆ ದೂರದ್ದು ಕಾಣುತ್ತಿರಲಿಲ್ಲ. ಚಷ್ಮಾ ತೆಗೆದಿಟ್ಟು ಆಡುತ್ತಿದ್ದ. ಯಾರೂ ತನ್ನ ಮೇಲೆ ಬೀಳದಿರುವುದು ಕಂಡು ಅವನಿಗೆ ಹುರುಪು ಬಂತು. ಚೆಂಡನ್ನು ಒದೆಯುತ್ತಾ ಬಾಗಿದ ಬೆನ್ನುಗಳ ನಡುವೆ ಹಾದು ಹೋದ. ಜೇವರಗಿಯ ಗೋಲಿಗೆ ನಿಂತವನ ಒಂದು ಕೈ ಹಣೆಯ ಮೇಲಿತ್ತು. ಚೆಂಡು ಅವನ ಮಗ್ಗುಲಿನಿಂದ ಒಳಗೆ ಹೋಯಿತು.

ಎಲ್ಲರೂ ಸಾಹೇಬರ ಮುಖ ನೋಡಿದರು. ಸಾಹೇಬರಿಗೆ ಆಟ ಗೊತ್ತಿರಲಿಲ್ಲ, ಚೆಂಡು ಬಲೆಗೆ ಬಿದ್ದರೆ ಚಪ್ಪಾಳೆ ಎಂಬಷ್ಟು ಗೊತ್ತಿತ್ತು. ತಟ್ಟಿದರು. ಸಾಹೇಬರೇ ಚಪ್ಪಾಳೆ ತಟ್ಟಿದ ಗೋಲನ್ನು ಗೋಲಲ್ಲ ಎನ್ನುವ ರೆಫರಿ ನಿಜಾಮರ ರಾಜ್ಯದಲ್ಲಿ ಹುಟ್ಟಿರಲಿಲ್ಲ. ಸೀಟಿ ಕೂಗಿತು. ಗೆದ್ದೆವು!

ನಾನು ಗಂಟಲು ಹರಿಯುವಂತೆ ಕೂಗಿದೆ. ನಮ್ಮವರು ಚಷ್ಮಾದವನನ್ನು ಹೊತ್ತು ಕುಣಿದರು. ಅಣ್ಣ ಮಾತ್ರ ಕಂಬದ ಬುಡದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ. ಅವನನ್ನು ನೋಡಿ ನನ್ನ ಕೂಗು ಅರ್ಧಕ್ಕೇ ಒಣಗಿತು.

ಖುಷಿಯಾದ ಸಾಹೇಬರು ಒಂದು ಹುಕುಂ ಹೊರಡಿಸಿದರು. ಕಾಲೇಜಿನವರು ಇಲ್ಲೇ ನಿಲ್ಲಬೇಕು. ತಗ್ಗು ದಿಣ್ಣೆಯ ಮೈದಾನ ಸಮ ಮಾಡಿಕೊಂಡು ಮತ್ತೊಂದು ಆಟ ಆಡಬೇಕು. ಹೀಗೆ ಮೂರನೆಯ ದಿನ ನಮ್ಮ ಗೆದ್ದ ತಂಡ ತಲೆಗೆ ಟವೆಲು ಸುತ್ತಿ ಬುಟ್ಟಿಯಲ್ಲಿ ಮಣ್ಣು ಹೊರುತ್ತಿತ್ತು. ಮೋಟಾರು ಹೊಗೆ ಉಗುಳುತ್ತಾ ಬಂದು ನಿಂತದ್ದು ಅದೇ ಹೊತ್ತಿಗೆ. ಮುತ್ಯಾ ಇಳಿದ. ಹಿಂದೆ ಬಡಿಗೆ ಹಿಡಿದ ಇಬ್ಬರು ಆಳುಗಳು, ಅವರ ಹಿಂದೆ ಮುಖ ಸಣ್ಣದು ಮಾಡಿಕೊಂಡ ನಮ್ಮ ಡ್ರೈವರ್.

"ಅಯ್ಯ ನನ್ನಪ್ಪಾ! ಖರೇನೇ ಬುಟ್ಟಿ ಹೊರಸಾಕತ್ತಾರ!" ಮುತ್ಯಾ ಆಳುಗಳ ಕಡೆ ತಿರುಗಿದ. "ಯಾರದು ಈ ಜಾಗಾ? ಕರೀರಿ ಅವನ್ನ!"

ಜಾಗ ಒಬ್ಬ ಸಾಹುಕಾರರದು. ಅವರ ಮಗ ಸೋತ ತಂಡದಲ್ಲಿದ್ದುದರಿಂದ ಅವರಿಗೆ ಮೊದಲೇ ಮೈ ಉರಿಯುತ್ತಿತ್ತು.

"ಸಾಹುಕಾರ್ರ, ನಮ್ಮ ಮನ್ಯಾಗ ಯಾರೂ ಜೀತಕ್ಕ ಹೋದವರಲ್ಲ. ನಮ್ಮ ಹುಡುಗನ್ನ ಬಿಡ್ರಿ. ಬದಲಿಗೆ ಜೋಡಿ ಎತ್ತು ಕೊಡ್ತೀನಿ."

"ಎತ್ತು ತಗೊಂಡು ಏನ್ ಮಾಡ್ಲಿರಿ, ಗೋಲಿಗೆ ನಿಲ್ಲಸ್ಲಾ? ಯಾವ ಜೀತಾನೋ ಏನೋ! ನಿಮ್ಮವರು ಮಂದಿ ಸಲಾಂ ಹೊಡ್ಯಾಗ ಗೋಲ್ ಹೊಡದಾರ. ಒಯ್ರಿ ನಿಮ್ಮ ಹುಡುಗನ್ನ, ಆ ಕುರುಡನ್ನೂ ಒಯ್ರಿ!"

"ಡ್ರೈವರ್ ಜೀತ ಅಂದಾನ!"

ಡ್ರೈವರಿಗೆ ತಡೆಯಲಾಗಲಿಲ್ಲ. ಮುತ್ಯಾನ ಎದುರು ಮೊದಲ ಸಲ ಕನ್ನಡದಲ್ಲಿ ಬಾಯಿಬಿಟ್ಟ: "ಜೀತ್ ಅಂದೀನ್ರಿ, ಹೌದ್ರಿ. ಜೀತ್ ಅಂದ್ರ ಗೆದ್ದಾರ ಅಂತ್ರಿ! ಹಾರ್ ಅಂದಾಗ ಬೆಲ್ಲ ಕೊಟ್ರಿ, ಜೀತ್ ಅಂದ್ರ ಕೊರಳಪಟ್ಟಿ ಹಿಡಕೊಂಡು ತಂದೀರಿ. ನಿಮ್ಮ ಮನಿ ಪದ್ಧತಿ ನಂಗ ತಿಳೀವಲ್ದು."

ಮುತ್ಯಾ ರುಮಾಲು ಸರಿಪಡಿಸಿಕೊಂಡು ಕೇಳಿದ: "ಹಂಗಾರ ಹಾರ್ ಅಂದ್ರ?"

ಡ್ರೈವರ್ ಅಣ್ಣನ ಕಡೆ ನೋಡಿದ. ಅಣ್ಣ ಬುಟ್ಟಿ ಇಳಿಸಿದ.

"ಸೋಲು, ಮುತ್ಯಾ. ಆಳಂದದಾಗ ಐದು, ಅಫಜಲಪುರದಾಗ ಮೂರು. ನಾ ಬಿಟ್ಟ ಗೋಲು ಅವು. ನೀ ಹೇಳ್ದಂಗ ಗಂಟು ಕಟಗೊಂಡು ಬರ್ತೀನಿ, ನಡಿ."

ಮುತ್ಯಾ ನಮ್ಮ ಮಣ್ಣಿನ ಗುಡ್ಡೆಯ ಮೇಲೆಯೇ ಕೂತುಕೊಂಡ. ಬೈಯುತ್ತಾನೆಂದು ಕಾದೆವು. ಅವನು ಕೇಳಿದ್ದು ಬೇರೆ.

"ಊರಾಗ ಯಾರಿಗೆ ಗೊತ್ತದ?"

"ಯಾರಿಗೂ ಇಲ್ಲ."

"ನಿನ್ನ ಓದು ಬಿಡಿಸಿ ಕರಕೊಂಡು ಹೋದ್ರ ಯಾಕಂತ ಕೇಳ್ತಾರ. ಸೋತಾನ ಅಂದ್ರ, ಹಾರ ಬಿದ್ದಿದ್ವಲ್ಲ ಗೌಡ್ರ ಅಂತಾರ. ಹಾರ್ ಅಂದ್ರ ಸೋಲಲೇ ಅಂತ ನಾ ಹೇಳ್ಬೇಕು. ಆಮ್ಯಾಲ ಕಂದಾಯದ ಜಮಾಬಂದ್ಯಾಗ ನನ್ನ ಉರ್ದು ಯಾವನು ನಂಬ್ತಾನ?" ಮುತ್ಯಾ ಮೀಸೆ ತಿರುವಿದ. "ಏಯ್, ಎತ್ತು ಇನ್ನಾ ಸ್ವಲ್ಪ ದಿನಾ ದಾರಿ ನೋಡ್ತಾವ. ನೀ ಕಾಲೇಜಿಗೇ ಹೋಗು."

ಅಣ್ಣ ಬಾಗಿ ಅವನ ಕಾಲು ಮುಟ್ಟಿದ. ಮುತ್ಯಾ ಅದಕ್ಕೂ ಬೈದ, ಮಂದಿ ನೋಡುತ್ತಾರೆಂದು.

ಸಂಜೆಯ ಎರಡನೆಯ ಆಟವನ್ನು ಮುತ್ಯಾ ಸಾಹೇಬರ ಕುರ್ಚಿಯ ಹಿಂದೆ ನಿಂತು ನೋಡಿದ. ಚಷ್ಮಾದವನನ್ನು ಈ ಸಲ ಮೂವರು ಕಾಯುತ್ತಿದ್ದರು. ನಾಲ್ಕು ಗೋಲು ತಿಂದೆವು. ಪ್ರತಿ ಗೋಲಿಗೂ ಮುತ್ಯಾ ತೃಪ್ತಿಯಿಂದ ತಲೆದೂಗುತ್ತಿದ್ದ. ಕೊನೆಗೆ ಡ್ರೈವರ್ ಬಂದು ಕೈಕಟ್ಟಿ ನಿಂತು, ಗಂಭೀರವಾಗಿ ಹೇಳಿದ: "ಚಾರ್ ಗೋಲ್ ಕೀ ಹಾರ್, ಪಾಟೀಲ್ ಸಾಬ್."

"ಭಾರಿ ಆಯ್ತು. ಊರಾಗ ಹಿಂಗೇ ಹೇಳು. ಜೀತ ಬಿಡಿಸಿದ್ದು ನಾ ಹೇಳ್ತೀನಿ."

ಇಬ್ಬರೂ ಹಾಗೆಯೇ ಹೇಳಿದರಂತೆ. ಮುಂದೆ ನಾವು ಊರಿಗೆ ಹೋದಾಗ ಆಯಿ ಅಣ್ಣನ ಅಂಗೈ ತಿರುವಿ ತಿರುವಿ ನೋಡಿ, ಜೇವರಗಿಯ ಸಾಹುಕಾರರಿಗೆ ಹಿಡಿಶಾಪ ಹಾಕಿದಳು. ನೆರೆಯವರು ಜೀತದಲ್ಲಿ ಉಣ್ಣಲು ಏನು ಕೊಡುತ್ತಿದ್ದರು ಎಂದು ಪಿಸುದನಿಯಲ್ಲಿ ವಿಚಾರಿಸಿದರು. ನಮ್ಮ ತಂಡ ಗೆದ್ದ ಒಂದೇ ಒಂದು ಆಟವನ್ನು ಆ ಊರಿನಲ್ಲಿ ಯಾರಿಗೂ ಹೇಳುವಂತಿರಲಿಲ್ಲ.

ಆದರೆ ಜೇವರಗಿಯಿಂದ ಪಟ್ಟಣದವರೆಗೆ ಒಟ್ಟಿಗೆ ಹೊರಟ ಆ ಸಂಜೆ, ಮೋಟಾರಿನಲ್ಲಿ ನಾವಿಬ್ಬರೂ ಮುತ್ಯಾನ ಎರಡು ಮಗ್ಗುಲಿಗೆ ಕೂತಿದ್ದೆವು. ಆಳುಗಳಿಗೆ ನಿದ್ದೆ ಹತ್ತಿತ್ತು. ಮುತ್ಯಾ ರುಮಾಲನ್ನು ಕಿವಿಯಿಂದ ಸರಿಸಿ ನನ್ನ ಕಡೆ ಬಾಗಿದ.

"ಸಣ್ಣ ದನೀಲೆ ಹೇಳು. ಹ್ಯಾಂಗ ಗೆದ್ರಿ?"

ಹೇಳಿದೆ. ಟಾಂಗಾ, ಸಲಾಂ, ಬಾಗಿದ ಬೆನ್ನುಗಳು, ಸೀಟಿ ಕಚ್ಚಿಕೊಂಡ ರೆಫರಿ. ಈ ಸಲ ಯಾವುದನ್ನೂ ಬದಲಿಸಲಿಲ್ಲ. ಮುತ್ಯಾನ ಹೊಟ್ಟೆ ನಗೆಯಿಂದ ಕುಲುಕಿ ನಮ್ಮಿಬ್ಬರನ್ನೂ ಅಲುಗಿಸುತ್ತಿತ್ತು. ಮುಗಿದ ಮೇಲೆ ಕಣ್ಣೊರೆಸಿಕೊಂಡು "ಇನ್ನೊಮ್ಮೆ" ಎಂದ.

ಎರಡನೆಯ ಸಲ ಅಣ್ಣನೇ ಹೇಳತೊಡಗಿದ. ಅವನು ಆ ಗೆಲುವಿನ ಬಗ್ಗೆ ಬಾಯಿಬಿಟ್ಟದ್ದು ಆಗಲೇ ಮೊದಲು. ಮುಂದಿನ ಸೀಟಿನಲ್ಲಿ ಡ್ರೈವರ್, ಮಾತು ಸರಿಯಾಗಿ ಕೇಳಲೆಂದು, ಮೋಟಾರನ್ನು ಎತ್ತಿನ ಗಾಡಿಯ ಹಾಗೆ ಮೆಲ್ಲಗೆ ಬಿಡುತ್ತಿದ್ದ.